ಹೊಣೆ ಕಂಡಕ್ಟರರದು, ಹಿಡಿತ ಯಾರದು?

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವಹಿವಾಟು. ಸುಗ್ಗಿಯಲ್ಲಿ ಆ ದಿನಗಳಂದು ಹಾವೇರಿ, ರಾಣೆಬೆನ್ನೂರು ಕಡೆಯ ಬಸ್ಸು ತುಂಬಿತೆಂದರೆ ಕಂಡಕ್ಟರ್‌ಗೆ ಕಾಲೂರಲು ಜಾಗ ಸಿಗುವುದೇ ಕಷ್ಟ. ಎಡಗೈಯಲ್ಲಿ ಟಿಕೆಟ್ ಯಂತ್ರ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು, ಹೆಗಲಿಗೆ ಚಿಲ್ಲರೆ ಚೀಲ. ಒಬ್ಬರ ಆಧಾರ್ ಕಾರ್ಡು ಗಂಟಿನ ತಳದಲ್ಲಿದ್ದರೆ, ಇನ್ನೊಬ್ಬರ ಬಳಿ ಐನೂರರ ನೋಟು ಬಿಟ್ಟು ಬೇರೆ ಇಲ್ಲ. ಮುಂದಿನ ಸ್ಟೇಜ್ ಬರುವುದರೊಳಗೆ ಎಲ್ಲರಿಗೂ ಟಿಕೆಟ್ ಆಗಿರಬೇಕು. ಅಷ್ಟರಲ್ಲಿ ತನಿಖೆಯವರು ಹತ್ತಿದರೆ, ಟಿಕೆಟ್ ಇಲ್ಲದ ಒಬ್ಬೊಬ್ಬರಿಗೂ ಕಂಡಕ್ಟರೇ ಉತ್ತರ ಹೇಳಬೇಕು. ಎಷ್ಟು ಬಸ್ ಬಿಡಬೇಕು, ಎಷ್ಟು ಹೊತ್ತಿಗೆ ಊರು ಮುಟ್ಟಬೇಕು ಎಂಬ ತೀರ್ಮಾನ ಮಾತ್ರ ಅವರದಲ್ಲ. ನಮ್ಮ ಸಾರಿಗೆ ನೌಕರರ ಒತ್ತಡದ ಬೇರು ಇಲ್ಲಿದೆ: ಹೊಣೆಯೆಲ್ಲ ಅವರದು, ಹಿಡಿತ ಯಾವುದೂ ಅವರದಲ್ಲ.

ಕೆಲಸದ ಸ್ವರೂಪವೇ ಆರೋಗ್ಯವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಬಸ್ಸೇ ಹಳೆಯ ಸಾಕ್ಷಿ. ಸದಾ ಕುಳಿತೇ ಇರುವ ಲಂಡನ್ ಡಬಲ್ ಡೆಕ್ಕರ್ ಬಸ್ಸಿನ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆ ಎಂದು ಸಂಶೋಧಕ ಜೆರಿ ಮಾರಿಸ್ 1953ರಲ್ಲಿ ತೋರಿಸಿದರು. ಹೆಚ್ಚು ಬೇಡಿಕೆ ಮತ್ತು ಕಡಿಮೆ ಹಿಡಿತ ಒಂದೇ ಕೆಲಸದಲ್ಲಿ ಕೂಡಿದಾಗ ಮನಸ್ಸು ಹೆಚ್ಚು ಬಳಲುತ್ತದೆ ಎಂದು 1979ರಲ್ಲಿ ಇನ್ನೊಬ್ಬ ಸಂಶೋಧಕ ರಾಬರ್ಟ್ ಕ್ಯಾರಸೆಕ್ ಅಮೆರಿಕ, ಸ್ವೀಡನ್ನಿನ ನೌಕರರ ಮಾಹಿತಿಯಿಂದ ವಿವರಿಸಿದರು. ಆ ಮಾತು ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ನಮ್ಮ ಬಸ್ಸುಗಳಿಗೆ ಚೆನ್ನಾಗಿಯೇ ಒಪ್ಪುತ್ತದೆ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಬಳಿ ಇದೇ ಸಂಸ್ಥೆಯ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆ ನಡೆಯಿತು; ಟಿಕೆಟ್ ಕೊಡುವಾಗ ಎದ್ದ ಮಾತು ಭಾಷೆಯ ಜಗಳವಾಗಿ ಬೆಳೆದಿತ್ತು. ಸರ್ಕಾರದ ನಿಯಮ, ಊರೂರ ಸಿಟ್ಟು ಇವೆರಡರ ನಡುವೆ ನಿಲ್ಲುವವರು ಕಂಡಕ್ಟರ್ ಒಬ್ಬರೇ.

ಬಸ್ಸು ತುಂಬುವುದಕ್ಕೆ ಕಾರಣ ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ, ಅದನ್ನು ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ಅದನ್ನು ಒಪ್ಪಲಾಗದು. 2023ರ ಜೂನ್ 11ರಂದು ಆರಂಭವಾದ ಯೋಜನೆ 2025ರ ಜುಲೈಗೆ 500 ಕೋಟಿ ಉಚಿತ ಪ್ರಯಾಣಗಳನ್ನು ಮುಟ್ಟಿತು. ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವ ಹೆಣ್ಣುಮಕ್ಕಳಿಗೆ ಅದು ಕೊಟ್ಟ ಧೈರ್ಯ ದೊಡ್ಡದು. ಆದರೆ ಉಚಿತ ಪ್ರಯಾಣದ ಶೂನ್ಯ ಟಿಕೆಟ್ ಕೊಡುವುದಕ್ಕೂ ಹಣದ ಟಿಕೆಟ್‌ನಷ್ಟೇ ಶ್ರಮ ಬೇಕು. ಜನ ಹೆಚ್ಚಿದಂತೆ ಬಸ್ಸು, ಸಿಬ್ಬಂದಿಯೂ ಹೆಚ್ಚಬೇಕು ಎಂಬುದಷ್ಟೇ ಇಲ್ಲಿನ ವಾದ. ಸರ್ಕಾರಿ ಸಂಬಳ ಬರುತ್ತದಲ್ಲ ಎಂಬುದು ಇನ್ನೊಂದು ಮಾತು. 38 ತಿಂಗಳ ವೇತನ ಹೆಚ್ಚಳದ ಬಾಕಿ ಕೊಡಿ ಎಂದು 2025ರ ಆಗಸ್ಟ್ 5ರಂದು ರಾಜ್ಯದ ಸಾರಿಗೆ ನೌಕರರು ಮುಷ್ಕರ ಹೂಡಿದ್ದನ್ನು ಅಂಥವರು ನೆನೆಯಲಿ. ಕಂಡಕ್ಟರ್‌ಗಳೇ ಒರಟು, ಕೈ ತೋರಿಸಿದರೂ ನಿಲ್ಲಿಸುವುದಿಲ್ಲ ಎಂಬ ದೂರಿನಲ್ಲಿ ಮಾತ್ರ ಹುರುಳಿದೆ. ನಿಲುಗಡೆಯಲ್ಲಿ ಬಸ್ಸು ಬಿಟ್ಟುಹೋದ ಅಜ್ಜಿಯ ಸಂಕಟ ಸಣ್ಣದಲ್ಲ, ತಪ್ಪು ಮಾಡಿದವರು ಉತ್ತರ ಕೊಡಲೇಬೇಕು. ಆದರೆ ಒಂದೇ ದೂರು ಎಲ್ಲ ಡಿಪೊಗಳಿಂದಲೂ ಬರುತ್ತಿದ್ದರೆ, ಅದಕ್ಕೆ ಬರೀ ಒಬ್ಬೊಬ್ಬರ ಸ್ವಭಾವವನ್ನು ದೂರಿ ಫಲವಿಲ್ಲ. ಶೆಡ್ಯೂಲನ್ನೂ ತೆಗೆದು ನೋಡಬೇಕು.

ಒತ್ತಡ ತಗ್ಗಿಸಲು ಯೋಗ ಶಿಬಿರ, ಆಪ್ತ ಸಮಾಲೋಚನೆ ಬೇಡವೆಂದಲ್ಲ. ಆದರೆ ಶಿಬಿರ ಮುಗಿಸಿ ಮರುದಿನ ಅದೇ ಬಸ್ಸು ಹತ್ತಿದರೆ ಒತ್ತಡವೂ ಅದೇ. ಸಂತೆ, ಮಾರುಕಟ್ಟೆಯ ದಿನ ಹೆಚ್ಚುವರಿ ಬಸ್ ಬಿಡಬೇಕು. ಗದ್ದಲದ ನಿಲ್ದಾಣಗಳಲ್ಲಿ ಬಸ್ಸು ಹೊರಡುವ ಮೊದಲೇ ಟಿಕೆಟ್ ಕೊಡಲು ಇನ್ನೊಬ್ಬರಿರಬೇಕು. ವಸ್ತಿ ಬಸ್ಸು ತಂಗುವ ಹಳ್ಳಿಯಲ್ಲಿ ಮಲಗಲು ಕೋಣೆ, ನೀರು, ಶೌಚಾಲಯ ಬೇಕು. ಎಲ್ಲಕ್ಕೂ ಹಣ ಎಲ್ಲಿದೆ ಎಂದು ಕೇಳುವವರಿಗೆ, ಖರ್ಚೇ ಇಲ್ಲದ ಕೆಲಸವೂ ಒಂದಿದೆ. ಯಾವ ಸ್ಟೇಜ್‌ನಲ್ಲಿ ಎಷ್ಟು ಟಿಕೆಟ್ ಹರಿದವು ಎಂಬ ಲೆಕ್ಕ ಟಿಕೆಟ್ ಯಂತ್ರದಲ್ಲೇ ಇದೆ. ಇಂದು ಅದು ಆದಾಯ ಎಣಿಸಲು, ತಪ್ಪು ಹುಡುಕಲು ಬಳಕೆಯಾಗುತ್ತಿದೆ. ಮೆಮೊ ಬರೆಯುವ ಮುನ್ನ, ಶೆಡ್ಯೂಲ್ ಹಾಕುವ ಮುನ್ನ ಅಧಿಕಾರಿಗಳು ಅದೇ ಲೆಕ್ಕವನ್ನು ಕಂಡಕ್ಟರ್‌ಗಳ ಜೊತೆ ಕುಳಿತು ಓದಲಿ. ಒಬ್ಬ ಮನುಷ್ಯನ ಮೇಲೆ ಎಷ್ಟು ಭಾರ ಹೇರಿದ್ದೇವೆಂಬುದು ಅಲ್ಲೇ ಅಚ್ಚಾಗಿದೆ.