ಸಣ್ಣ ತಂಡಕ್ಕೂ ಕೊಳದಲ್ಲಿ ಜಾಗವಿರಲಿ

ಈಜು ಮತ್ತು ಡೈವಿಂಗ್ ಪಂದ್ಯಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1973ರಲ್ಲಿ, ಬೆಲ್‌ಗ್ರೇಡ್ ನಗರದಲ್ಲಿ. ಅಂದಿನಿಂದಲೂ ಪದಕಗಳ ಪಟ್ಟಿಯಲ್ಲಿ ಮೇಲೆ ನಿಲ್ಲುವುದು ಹೆಚ್ಚಾಗಿ ದೊಡ್ಡ ದೇಶಗಳೇ. ಇಬ್ಬರು ಮೂವರನ್ನು ಮಾತ್ರ ಕಳುಹಿಸುವ ಸಣ್ಣ ರಾಷ್ಟ್ರಗಳೂ ಬರುತ್ತವೆ. ಮೊದಲ ಸುತ್ತಿನಲ್ಲೇ ಸೋತು ಮರಳುತ್ತವೆ. ನಿಗದಿತ ಕಾಲಮಿತಿಯನ್ನು ಮುಟ್ಟಿದ ಈಜುಗಾರರೇ ಇಲ್ಲದ ದೇಶಕ್ಕೂ ಕೆಲವರನ್ನು ಕಳುಹಿಸಲು ನಿಯಮದಲ್ಲಿ ಅವಕಾಶವಿದೆ. ಇದರಿಂದ ಸ್ಪರ್ಧೆಯ ಮಟ್ಟ ಕುಸಿಯುತ್ತದೆ, ಕಾಲ ವ್ಯರ್ಥವಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಈ ವಾದವನ್ನು ನಾವು ಒಪ್ಪಲಾರೆವು.

ದಕ್ಷಿಣ ಅಮೆರಿಕದ ಪುಟ್ಟ ದೇಶ ಸುರಿನಾಮ್‌ನ ಉದಾಹರಣೆಯನ್ನೇ ನೋಡೋಣ. 1980ರ ದಶಕದಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 4 ಲಕ್ಷ. 50 ಮೀಟರ್ ಉದ್ದದ ಈಜುಕೊಳ ಇಡೀ ದೇಶಕ್ಕೆ ಒಂದೇ. ಆ ನಾಡಿನ 16 ವರ್ಷದ ಹುಡುಗ ಆಂಟನಿ ನೆಸ್ಟಿ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈ ಸ್ಪರ್ಧೆಯಲ್ಲಿ 21ನೆಯವನಾದ. ಅಂದು ಅವನನ್ನು ಯಾರೂ ಗಮನಿಸಿರಲಾರರು. ನಾಲ್ಕು ವರ್ಷಗಳ ಬಳಿಕ ಸೋಲ್‌ನಲ್ಲಿ ಅದೇ ನೆಸ್ಟಿ 53.00 ಸೆಕೆಂಡುಗಳಲ್ಲಿ ಗೋಡೆ ಮುಟ್ಟಿದರು. ಅದೇ ಕೂಟದಲ್ಲಿ 5 ಚಿನ್ನ ಗೆದ್ದ ಅಮೆರಿಕದ ಮ್ಯಾಟ್ ಬಿಯೊಂಡಿ ಮುಟ್ಟಿದ್ದು 53.01ಕ್ಕೆ. ಸೆಕೆಂಡಿನ ನೂರರಲ್ಲಿ ಒಂದು ಪಾಲು! 1991ರಲ್ಲಿ ಪರ್ತ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಇದೇ ಸ್ಪರ್ಧೆಯ ಚಿನ್ನ ಅವರದಾಯಿತು. ಮರುವರ್ಷ ಬಾರ್ಸಿಲೋನಾದಲ್ಲಿ ಕಂಚು. 2024ರ ಪ್ಯಾರಿಸ್ ಕೂಟದವರೆಗೂ ಸುರಿನಾಮ್ ಗಳಿಸಿದ ಒಲಿಂಪಿಕ್ ಪದಕಗಳು ನೆಸ್ಟಿಯವರ ಆ ಎರಡೇ.

ನೆಸ್ಟಿಯವರನ್ನು ತಯಾರು ಮಾಡಿದ್ದು ಅಮೆರಿಕದ ತರಬೇತಿಯಲ್ಲವೇ ಎಂದು ಕೇಳಬಹುದು. ಆ ತರಬೇತಿಯ ಪಾಲು ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಈಜು ಕಲಿತು ಬೆಳೆದದ್ದು ಸುರಿನಾಮ್‌ನಲ್ಲಿ. ಪದಕ ಹೋದದ್ದೂ ಅದೇ ನಾಡಿನ ಹೆಸರಿಗೆ. 2024ರ ಕೂಟಕ್ಕೆ ಅಮೆರಿಕವೇ ತನ್ನ ಪುರುಷರ ಒಲಿಂಪಿಕ್ ಈಜು ತಂಡವನ್ನು ಪಳಗಿಸಲು ಅವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿತು. ಪಡೆದ ಸಾಲವನ್ನು ಬಡ್ಡಿ ಸಮೇತ ತೀರಿಸಿದಂತಾಯಿತು.

ಎಲ್ಲರೂ ನೆಸ್ಟಿಯಾಗುವುದಿಲ್ಲ, ನಿಜ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಕ್ವಟೋರಿಯಲ್ ಗಿನಿಯ ಎರಿಕ್ ಮುಸಾಂಬನಿ 100 ಮೀಟರ್ ಈಜಲು 1 ನಿಮಿಷ 52.72 ಸೆಕೆಂಡು ತೆಗೆದುಕೊಂಡರು. ಜೊತೆಗಿದ್ದ ಇಬ್ಬರೂ ಅವಸರದ ನೆಗೆತದಿಂದ ಅನರ್ಹರಾಗಿದ್ದರು. ಇವರೊಬ್ಬರೇ ಏದುಸಿರು ಬಿಡುತ್ತಾ ದಡ ಮುಟ್ಟಿದರು. ನಕ್ಕವರು ನಕ್ಕರು. ಕೊಳದ ಸುತ್ತ ನೆರೆದ ಸಾವಿರಾರು ಮಂದಿ ಮಾತ್ರ ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಮುಂದೆ ಅವರೇ ತಮ್ಮ ದೇಶದ ಈಜು ತಂಡಕ್ಕೆ ತರಬೇತುದಾರರಾದರು. ಕಾಲಮಿತಿಯೊಂದೇ ಅಳತೆಗೋಲಾಗಿದ್ದರೆ ಇದಾಗುತ್ತಿತ್ತೇ?

ತಲೆ ಎಣಿಸಿ ಬೆಲೆ ಕಟ್ಟುವ ಕ್ರಮ ನಮ್ಮ ಓದುಗರಿಗೆ ಅಪರಿಚಿತವಲ್ಲ. ಕನ್ನಡ ತರಗತಿ ಉಳಿಯಬೇಕೇ ಎಂಬ ಪ್ರಶ್ನೆ ಬಂದಾಗಲೂ ಮೊದಲು ಎಣಿಸುವುದು ಮಕ್ಕಳ ತಲೆಗಳನ್ನೇ. ಸಂಖ್ಯೆ ಕಡಿಮೆಯೆಂದು ಬಾಗಿಲು ಮುಚ್ಚುವುದು ಸುಲಭ. ಆ ಬಾಗಿಲಿನ ಹೊರಗೆ ಉಳಿದವರು ಯಾರೆಂಬುದು ಮಾತ್ರ ಎಂದೂ ತಿಳಿಯದು. 1984ರಲ್ಲಿ 21ನೆಯವನಿಗೂ ಒಂದು ಪಥ ಮೀಸಲಿತ್ತು. ಆ ಪಥ ಮುಂದೆಯೂ ಇರಲಿ ಎಂಬುದೇ ನಮ್ಮ ಆಗ್ರಹ.