ಹಳೇ ಯೆಜ್ಡಿಯ ಸದ್ದು, ಹೊಸ ಗಾಡಿಯ ಕಂತು

ತೇರದಾಳ: ಊರಾಗ ಈಗ ಎರಡು ಪಕ್ಷ. ರಾಜಕೀಯದ ಪಕ್ಷಗಳ ಲೆಕ್ಕ ಚುನಾವಣೆ ಬಂದಾಗ ನೋಡಿದರಾಯಿತು, ಇದು ಫಟಫಟಿಯ ಪಕ್ಷ. ಜಮಖಂಡಿ ಬಸ್ಸಿಗೆ ಕಾಯುತ್ತ ಚಹಾದಂಗಡಿಯಲ್ಲಿ ಕೂತ ಮಂದಿಯ ಎದುರು ಒಂದು ಹಳೇ ಯೆಜ್ಡಿ ಹೊಗೆ ಬಿಡುತ್ತ ಹಾದುಹೋದರೆ ಸಾಕು, ಚರ್ಚೆ ಶುರು. "ಗಾಡಿ ಅಂದ್ರ ಅದು ನೋಡ್ರಿ, ಈಗಿನವೆಲ್ಲಾ ತಗಡಿನ ಡಬ್ಬಿ" ಎಂದು ಹಿರಿಯರೊಬ್ಬರು ತಲೆಯಾಡಿಸುತ್ತಾರೆ. "ಕಾಕಾ, ಆ ಗಾಡಿ ಹಿಂದ ಒಂದು ಮೈಲು ಬರ್ರಿ, ಮುಖಾ ಕರ್ರಗಾಗತೈತಿ" ಎಂದು ಕಾಲೇಜಿನ ಹುಡುಗ ಹಲ್ಲು ಕಿರಿಯುತ್ತಾನೆ. ಬಸ್ಸು ಬಂದರೂ ವಾದ ಮುಗಿಯುವುದಿಲ್ಲ. ಬಸ್ಸಿನೊಳಗೂ ಅದೇ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಅರ್ಧ ಹೇಳಿ ಅರ್ಧ ನುಂಗುತ್ತಾರೆ.

ಪರದೇಶದಲ್ಲಿ ಮಣ್ಣಿನ ದಾರಿಗೆಂದೇ ಬೇರೆ ಮೋಟರ್ ಸೈಕಲ್ ಮಾಡುತ್ತಾರೆ. ಡರ್ಟ್ ಬೈಕ್ ಎಂದು ಅದರ ಹೆಸರು. ಎತ್ತರದ ಗಾಡಿ, ಹಲ್ಲು ಹಲ್ಲಿನ ಟೈರು, ಲೈಟು ಇಲ್ಲ, ಹಾರ್ನು ಇಲ್ಲ. ಅಂಥದ್ದು ನಮ್ಮ ಕಡೆಯ ಅಂಗಡಿಗೆ ಆ ಕಾಲದಲ್ಲಿ ಬಂದದ್ದೇ ಇಲ್ಲ. ಬರುವ ಅಗತ್ಯವೂ ಇರಲಿಲ್ಲ ಎನ್ನಿ. ಇಲ್ಲಿಯ ದಾರಿಯೇ ಮಣ್ಣು, ಇದ್ದ ಗಾಡಿಯೇ ಮಣ್ಣಿನ ಗಾಡಿ. ಮಳೆಗಾಲದಲ್ಲಿ ಎರಿ ಹೊಲದ ದಾರಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ರಾಡಿ ಗಾಲಿಗೆ ಮೆತ್ತಿ, ಮಡ್‌ಗಾರ್ಡಿನ ಸಂದಿಯಲ್ಲಿ ತುಂಬಿ, ಕಡೆಗೆ ಗಾಲಿಯೇ ತಿರುಗದಂತೆ ಹಿಡಿದುಬಿಡುತ್ತದೆ. ಕೋಲು ತಗೊಂಡು ಕೆರೆಯುತ್ತ, ನಾಲ್ಕು ಮಾರು ತಳ್ಳುತ್ತ, ಮತ್ತೆ ಕೆರೆಯುತ್ತ ಅರಿಷಿಣದ ತೋಟ ಮುಟ್ಟಿದವರು ಈ ಸೀಮೆಯಲ್ಲಿ ಮನೆಗೊಬ್ಬರು ಸಿಗುತ್ತಾರೆ. ತಮದಡ್ಡಿ, ಹಳಿಂಗಳಿ ಕಡೆಯ ಹೊಳಿಸಾಲಿನ ಮಂದಿಯನ್ನು ಕೇಳಿದರೆ ಇನ್ನೂ ನಾಲ್ಕು ಮಾತು ಹೆಚ್ಚೇ ಹೇಳಿಯಾರು.

ಇಂಥ ದಾರಿಯಲ್ಲಿ ಹಾಲಿನ ಕ್ಯಾನು, ರಬಕವಿ-ಬನಹಟ್ಟಿಗೆ ಹೋಗುವ ಸೀರೆಯ ಗಂಟು, ಗೊಬ್ಬರದ ಚೀಲ, ಮೇಲೆ ಹೆಂಡತಿ, ಟ್ಯಾಂಕಿನ ಮೇಲೆ ಕೂಸು, ಇಷ್ಟನ್ನೂ ಹೊತ್ತದ್ದು ಮೈಸೂರಿನ ಗಾಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಇರಾನಿ ಎಂಬ ಪಾರ್ಸಿ ಮನೆತನದ ಸಾಹಸ, ಜಯಚಾಮರಾಜ ಒಡೆಯರ ಬೆಂಬಲ. ಮೊದಲು ಚೆಕೊಸ್ಲೊವಾಕಿಯಾದ ಹೆಸರಿನಲ್ಲೇ ಜಾವಾ, 1973ರ ಹೊತ್ತಿಗೆ ಯೆಜ್ಡಿ. 1978ರಲ್ಲಿ ಬಂದ ರೋಡ್‌ಕಿಂಗ್ ಅಂತೂ ಊರೂರಿಗೂ ಹೊಕ್ಕಿತು. 250 ಸಿ.ಸಿ., 16 ಅಶ್ವಶಕ್ತಿ, ನಾಲ್ಕು ಗೇರು, ಎರಡು ಸೈಲೆನ್ಸರು, ತೂಕ ಸುಮಾರು 140 ಕಿಲೋ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲೆ ತಿರುವಿದರೆ ಅದೇ ಕಿಕ್ಕು. ಹೊಸಬರು ಇದು ಗೊತ್ತಿಲ್ಲದೆ ಗಾಡಿಯ ಸುತ್ತ ಕಿಕ್ಕು ಹುಡುಕುತ್ತ ಪ್ರದಕ್ಷಿಣೆ ಹಾಕುವುದು ಇವತ್ತಿಗೂ ನಡೆದಿದೆ. ಚೈನಿಗೆ ಪೂರ್ತಿ ಮುಚ್ಚಿದ ಕವಚವಿತ್ತು. ನಮ್ಮ ರಾಡಿಗೆ ಅದೊಂದು ದೊಡ್ಡ ವರವಾಗಿತ್ತು. ಈಗಿನ ತೆರೆದ ಚೈನು ಒಂದು ಮಳೆಗಾಲ ಎರಿ ಮಣ್ಣು ಉಂಡರೆ ಸಾಕು, ಅರಗಂಟಲಾಗಿ ಕೂಗುತ್ತದೆ.

ಟೂ ಸ್ಟ್ರೋಕ್ ಇಂಜಿನ್ನಿನ ಗುಟ್ಟು ಸರಳ. ವಾಲ್ವ್ ಇಲ್ಲ, ಅದನ್ನು ಎತ್ತಿಳಿಸುವ ಕ್ಯಾಮ್ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ತಾನೇ ಕಿಂಡಿ ತೆಗೆದು ತಾನೇ ಮುಚ್ಚುತ್ತದೆ. ಕ್ರ್ಯಾಂಕಿನ ಒಂದೊಂದು ಸುತ್ತಿಗೂ ಒಂದು ಸಿಡಿತ. ಫೋರ್ ಸ್ಟ್ರೋಕಿಗೆ ಎರಡು ಸುತ್ತಿಗೆ ಒಂದೇ. ಆದ್ದರಿಂದಲೇ ಅಷ್ಟೇ ಗಾತ್ರದ ಇಂಜಿನ್ನಿನಲ್ಲಿ ಹೆಚ್ಚು ಜೋರು, ಕಡಿಮೆ ತೂಕ, ಕಡಿಮೆ ಬಿಡಿಭಾಗ. ಬಿಡಿಭಾಗ ಕಡಿಮೆಯೆಂದರೆ ಕೆಡುವುದಕ್ಕೂ ಕಡಿಮೆ, ಬಿಚ್ಚುವುದಕ್ಕೂ ಸಸಾರ. ಪಾಯಿಂಟಿಗೆ ಪಾಲಿಶ್ ಕಾಗದ ತಿಕ್ಕಿ, ಪ್ಲಗ್ಗಿನ ಮಸಿ ಒರೆಸಿ, ಕಾರ್ಬುರೇಟರಿನ ಜೆಟ್ಟಿಗೆ ಬಾಯಿಂದ ಊದಿದರೆ ಹತ್ತರಲ್ಲಿ ಎಂಟು ರೋಗ ಹೋದವು. ವರ್ಷಕ್ಕೊಮ್ಮೆ ಸೈಲೆನ್ಸರ್ ಬಿಚ್ಚಿ ಬೆಂಕಿ ಹಾಕಿ ಒಳಗಿನ ಜಿಡ್ಡು ಸುಟ್ಟರೆ ಗಾಡಿ ಮತ್ತೆ ಹರೆಯಕ್ಕೆ ಬಂತು. ಇದಕ್ಕೆ ಶೋರೂಮು ಬೇಡ, ಅಪಾಯಿಂಟ್‌ಮೆಂಟು ಬೇಡ. ಬೇವಿನ ಮರದ ನೆರಳು, ಒಂದು ಪಾನಾ, ಒಬ್ಬ ಮಿಸ್ತ್ರಿ.

ಹಿರಿಯರ ಪಕ್ಷದ ಬಲವೆಲ್ಲ ಇಲ್ಲಿದೆ. ಗಾಡಿ ಓಡುತ್ತಿದ್ದುದಕ್ಕಿಂತ ನಿಂತಾಗ ಮತ್ತೆ ಎಬ್ಬಿಸಲು ಬರುತ್ತಿದ್ದುದು ಮುಖ್ಯ. ಕಬ್ಬಿಗೆ ನೀರು ಹಾಯಿಸಲು ನಟ್ಟಿರುಳಿನಲ್ಲಿ ಹೋದವನಿಗೆ ಕರೆಂಟು ಬಂದ ಹೊತ್ತಿಗೆ ಹೊಲದಲ್ಲಿರುವುದು ಬೇಕು. ಗಾಡಿ ಕೆಟ್ಟರೆ ನಾಳೆ ಬಾ ಎನ್ನುವವರು ಅಲ್ಲಿ ನಡೆಯುವುದಿಲ್ಲ.

ಮಾತು ದೊಡ್ಡ ಟೂ ಸ್ಟ್ರೋಕಿಗೆ ಬಂದರೆ ಯೆಜ್ಡಿಗಿಂತ ಮೇಲಿನ ರಾಕ್ಷಸ ಇನ್ನೊಂದಿತ್ತು. 1983ರಲ್ಲಿ ಎಸ್ಕಾರ್ಟ್ಸ್‌ನವರು ತಂದ ರಾಜದೂತ್ 350. ಎರಡು ಸಿಲಿಂಡರು, ಆರು ಗೇರು, 30 ಅಶ್ವಶಕ್ತಿಯ ಆಸುಪಾಸು. ಜಪಾನಿನ ಯಮಹಾದ ಆರ್‌ಡಿ ಮಾದರಿ ಅದು. ಇಂಜಿನ್ ಕುದುರೆಯದು, ಬ್ರೇಕು ಕತ್ತೆಯದು. ಮುಂದಿನ ಗಾಲಿಗೆ ಡಿಸ್ಕ್ ಕೊಡದೆ ಡ್ರಮ್ ಬ್ರೇಕನ್ನೇ ಕೊಟ್ಟಿದ್ದರು. ಪೆಟ್ರೋಲ್ ಕುಡಿಯುವ ಚಟವೂ ಇತ್ತು. ವ್ಯಾಪಾರಸ್ಥರು ಲೆಕ್ಕ ಹಾಕಿ ದೂರ ನಿಂತರು, ಗಾಡಿ ಆ ದಶಕ ಮುಗಿಯುವಷ್ಟರಲ್ಲಿ ನಿಂತೇಹೋಯಿತು. 1985ರಲ್ಲಿ ಬಂದ ಆರ್‌ಎಕ್ಸ್ 100 ಮಾತ್ರ ಹಗುರ ಮೈ, ಬಿರುಸಿನ ಎಳೆತದಿಂದ ಹುಡುಗರ ನಿದ್ದೆ ಕೆಡಿಸಿತು. 1996ಕ್ಕೆ ಅದೂ ನಿಂತಿತು. ಮೈಸೂರಿನ ಕಾರ್ಖಾನೆಗೆ ಬೀಗ ಬಿದ್ದದ್ದೂ ಅದೇ 1996ರಲ್ಲಿ. 2000ದ ಹೊಗೆ ನಿಯಮ ಬಂದ ಮೇಲೆ ಉಳಿದ ಟೂ ಸ್ಟ್ರೋಕುಗಳೂ ಒಂದೊಂದಾಗಿ ಗಂಟು ಕಟ್ಟಿದವು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕ, ಯುರೋಪುಗಳ ಮಣ್ಣಿನ ಓಟದಲ್ಲಿ ಎಂಬತ್ತರ ದಶಕದ ಅರಸರೆಂದರೆ 500 ಸಿ.ಸಿ.ಯ ಟೂ ಸ್ಟ್ರೋಕುಗಳು. ಹೋಂಡಾದ ಸಿಆರ್ 500, ಕವಾಸಾಕಿಯ ಕೆಎಕ್ಸ್ 500. ತೂಕ ನೂರು ಕಿಲೋದ ಆಸುಪಾಸು, ಜೋರು ಅರವತ್ತು ಅಶ್ವಶಕ್ತಿಯ ಆಸುಪಾಸು. ನಮ್ಮ ರೋಡ್‌ಕಿಂಗಿಗಿಂತ ನಲವತ್ತು ಕಿಲೋ ಕಡಿಮೆ, ಜೋರು ಹೆಚ್ಚು ಕಡಿಮೆ ನಾಲ್ಕು ಪಟ್ಟು. ಕಿಕ್ಕು ತಿರುಗಿ ಹೊಡೆದರೆ ಕಾಲಿಗೆ ಪಟ್ಟಿ. ಗಟ್ಟಿಗರೇ ಹಿಡಿಯಲು ಹೆದರುವ ಗಾಡಿ. ಅವು ಸೋತದ್ದು ಜೋರು ಸಾಲದೆ ಅಲ್ಲ, ಹದ ಸಾಲದೆ. ಟೂ ಸ್ಟ್ರೋಕ್ ಕೆಳಗೆ ಮಂಕಾಗಿದ್ದು ಮೇಲೆ ಒಮ್ಮೆಗೇ ಸಿಡಿಯುತ್ತದೆ, ಹಿಂದಿನ ಗಾಲಿ ಮಣ್ಣು ಕೆರೆಯುತ್ತ ನಿಲ್ಲುತ್ತದೆ. 1998ರಲ್ಲಿ ಯಮಹಾ 400 ಸಿ.ಸಿ.ಯ ಫೋರ್ ಸ್ಟ್ರೋಕ್ ಓಟದ ಗಾಡಿಯನ್ನು ಮಾರಾಟಕ್ಕೆ ಬಿಟ್ಟಿತು. ಎತ್ತು ನೇಗಿಲು ಎಳೆದ ಹಾಗೆ ಒಂದೇ ಸಮ ಎಳೆತ. ಹತ್ತು ವರ್ಷದೊಳಗೆ ಹೋಂಡಾದಂಥ ಕಂಪನಿಯೇ ಟೂ ಸ್ಟ್ರೋಕ್ ಮೋಟೊಕ್ರಾಸ್ ಗಾಡಿ ಕೈಬಿಟ್ಟಿತು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯನೆನಿಸಿದಾಗ ಹತ್ತಿದ್ದು 450 ಸಿ.ಸಿ.ಯ ಫೋರ್ ಸ್ಟ್ರೋಕ್. ಹಾಗಂತ ಟೂ ಸ್ಟ್ರೋಕ್ ಸತ್ತಿಲ್ಲ. ಆಸ್ಟ್ರಿಯಾದ ಕೆಟಿಎಂ ಈಗಲೂ 300 ಸಿ.ಸಿ.ಯದ್ದನ್ನು ಪೆಟ್ರೋಲ್ ಇಂಜೆಕ್ಷನ್ ಹಾಕಿ ಮಾಡುತ್ತಿದೆ. ಗುಡ್ಡ, ಬಂಡೆ ಹತ್ತುವವರಿಗೆ ಅದೇ ಬೇಕು. ತೇರದಾಳದಲ್ಲಿ ಬಂಡೆ ಹತ್ತಬೇಕಾದವರು ಯಾರೂ ಇದ್ದಂತಿಲ್ಲ.

ಇನ್ನು ಹಳೇ ಪಕ್ಷದವರು ನುಂಗುವ ಮಾತು. ಅದು ಬ್ರೇಕು ಮತ್ತು ಲೈಟು.

ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಈ ರಸ್ತೆಗಳಲ್ಲಿ ಗಾಡಿ ಹೊಡೆದವರಿಗೆ ಗೊತ್ತು. ಸಮೀರವಾಡಿ, ಜಮಖಂಡಿ ಕಡೆಯ ಕಾರ್ಖಾನೆಗಳಿಗೆ ಸಾಲುಗಟ್ಟಿ ಹೋಗುವ ಟ್ರ್ಯಾಕ್ಟರು, ಒಂದಕ್ಕೆ ಎರಡು ಟ್ರೇಲರು, ಹೊರಕ್ಕೆ ಚಾಚಿದ ಕಬ್ಬು. ಎಷ್ಟೋ ಟ್ರೇಲರಿಗೆ ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರು ಇದ್ದರೆ ಅದರ ಮೇಲೆ ಮಣ್ಣು. ಟೇಪಿನ ಮಾದಕ ಹಾಡು ಮಾತ್ರ ಎರಡು ಮೈಲಿಗೆ ಕೇಳುತ್ತದೆ, ಟ್ರೇಲರು ಕಾಣುವುದು ಹತ್ತು ಮಾರಿಗೆ. ಆ ಕತ್ತಲಲ್ಲಿ ಹಳೇ ಆರು ವೋಲ್ಟಿನ ಲೈಟು ಎಂದರೆ ಊದಿನಕಡ್ಡಿ ಹಿಡಿದು ಹೊರಟ ಹಾಗೆ. ಡ್ರಮ್ ಬ್ರೇಕಿಗೆ ನೀರು ಹೊಕ್ಕಿದ್ದರೆ ದೇವರೇ ಗತಿ. ಟೂ ಸ್ಟ್ರೋಕಿಗೆ ಇನ್ನೊಂದು ಗುಣವುಂಟು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಗಾಡಿಯನ್ನು ಅಷ್ಟಾಗಿ ಹಿಂದಕ್ಕೆ ಹಿಡಿಯುವುದಿಲ್ಲ, ಜಾರಿಕೊಂಡೇ ಹೋಗುತ್ತದೆ. ಎಣ್ಣೆ ಕಡಿಮೆ ಬಿದ್ದರೆ ಓಡುವಾಗಲೇ ಪಿಸ್ಟನ್ ಹಿಡಿದುಕೊಂಡು ಹಿಂದಿನ ಗಾಲಿ ಕಚ್ಚಿ ನಿಲ್ಲುವುದೂ ಉಂಟು. "ನಮ್ಮ ಕಾಲದಾಗ ಏನೂ ಆಗಲಿಲ್ಲ" ಎನ್ನುವವರು ಆ ಕಾಲದಲ್ಲಿ ರಸ್ತೆಯ ಮೇಲೆ ಎಷ್ಟು ಗಾಡಿ ಇದ್ದವು ಎಂಬುದನ್ನೂ ಹೇಳಬೇಕು.

ಹೊಗೆಯ ಮಾತು ಬೇರೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಉರಿಯುತ್ತದೆ, ಲೀಟರಿಗೆ 30-40 ಮಿಲಿ. ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲು ಒಳಬರುವುದರಿಂದ ಒಂದಷ್ಟು ಸುಡದೇ ಹಾಗೇ ಹೊರಬೀಳುತ್ತದೆ. ಕೊಟ್ಟ ರೊಕ್ಕದಲ್ಲಿ ಒಂದು ಪಾಲು ಸೈಲೆನ್ಸರಿನಿಂದ ಹಾರಿಹೋಯಿತು ಎನ್ನಿ. ಬೆಂಗಳೂರಿನಲ್ಲಿ ಟೂ ಸ್ಟ್ರೋಕ್ ಆಟೋಗಳನ್ನು ಗುಜರಿಗೆ ಹಾಕಲು ಸರ್ಕಾರ ಕೈಯಿಂದ ಸಹಾಯಧನ ಕೊಟ್ಟದ್ದು ಸುಮ್ಮನೆ ಅಲ್ಲ. ಬಜಾರದ ಅಂಗಡಿಕಾರರು ದಿನವಿಡೀ ರಸ್ತೆಗೆ ಮುಖ ಮಾಡಿ ಕೂರುವವರು. ಗಾಡಿಯ ಮೋಜು ಹತ್ತಿದವನಿಗೆ, ಹೊಗೆ ಕೂತವನಿಗೆ.

ಹೊಸ ಗಾಡಿಗೆ ಬರೋಣ. 2018ರಲ್ಲಿ ಜಾವಾ ಹೆಸರು ಮರಳಿ ಬಂತು, 2022ರ ಜನವರಿಯಲ್ಲಿ ಯೆಜ್ಡಿಯದ್ದು. ಹೆಸರು ಮೈಸೂರಿನದ್ದು, ಕಾರ್ಖಾನೆ ಮಧ್ಯಪ್ರದೇಶದ ಪೀಥಂಪುರದ್ದು. 334 ಸಿ.ಸಿ., ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್, ಆರು ಗೇರು, 29-30 ಅಶ್ವಶಕ್ತಿ. ಅಡ್ವೆಂಚರ್ ಎಂಬ ಮಾದರಿಗೆ 21 ಇಂಚಿನ ಮುಂದಿನ ಗಾಲಿ, ನೆಲದಿಂದ 220 ಮಿ.ಮೀ. ಎತ್ತರ. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 2016ರಲ್ಲಿ 411 ಸಿ.ಸಿ.ಯಾಗಿ ಬಂದು 2023ರಲ್ಲಿ 452 ಸಿ.ಸಿ., 40 ಅಶ್ವಶಕ್ತಿಯಾಯಿತು. ಹೀರೋದ ಎಕ್ಸ್‌ಪಲ್ಸ್ 2019ರದ್ದು, 200 ಸಿ.ಸಿ., ತೂಕ 160 ಕಿಲೋದ ಒಳಗೆ. ಗುಂಡಿಯಲ್ಲಿ ಇಳಿದರೆ ನಡು ಮುರಿಯುವುದಿಲ್ಲ, ಬ್ರೇಕು ಒತ್ತಿದರೆ ನಿಲ್ಲುತ್ತದೆ, ಲೈಟು ಬೆಳಕು ಕೊಡುತ್ತದೆ. 125 ಸಿ.ಸಿ. ಮೇಲಿನ ಗಾಡಿಗೆ 2019ರಿಂದ ಎಬಿಎಸ್ ಕಡ್ಡಾಯ. ರಾಡಿಯಲ್ಲಿ ಮುಂದಿನ ಗಾಲಿ ಕಚ್ಚಿ ಬೀಳುವುದು ಎಷ್ಟೋ ತಪ್ಪಿದೆ. ಇದನ್ನು ಡಬ್ಬಿ ಎನ್ನುವುದು ಬರೇ ಹಟ.

ಆದರೂ ಹಳಬರ ಒಂದು ಪ್ರಶ್ನೆಗೆ ಹೊಸ ಕಂಪನಿಗಳು ಉತ್ತರ ಕೊಟ್ಟಿಲ್ಲ. ಕೆಟ್ಟರೆ ಯಾರು ನೋಡಬೇಕು? ಬ್ಯಾಟರಿ ಸತ್ತರೆ ಪೆಟ್ರೋಲ್ ಪಂಪ್ ತಿರುಗದು, ದೊಡ್ಡ ಗಾಡಿಗಳಿಗೆ ಕಿಕ್ಕೂ ಇಲ್ಲ. ಸೆನ್ಸರ್ ಕೆಟ್ಟಿತೆಂದು ಕನ್ನಡಿಯಂಥ ಮೀಟರಿನಲ್ಲಿ ಹಳದಿ ದೀಪ ಹತ್ತಿದರೆ ಓಣಿಯ ಮಿಸ್ತ್ರಿ ಕೈ ಮುಗಿಯುತ್ತಾನೆ. ಅವನಿಗೆ ಬುದ್ಧಿ ಇಲ್ಲವೆಂದಲ್ಲ, ಸ್ಕ್ಯಾನರ್ ಇಲ್ಲ. ಗಾಡಿಯನ್ನು ಟಂಟಂ ಮೇಲೆ ಹೇರಿ ದೊಡ್ಡ ಊರಿನ ಶೋರೂಮಿಗೆ ಒಯ್ಯಬೇಕು, ಪಾರ್ಟು ಬರುವ ತನಕ ಬಸ್ಸಿಗೆ ಕಾಯಬೇಕು. ಕಂತು ಮಾತ್ರ ತಿಂಗಳ ಐದಕ್ಕೆ ತಪ್ಪದೆ ಬರುತ್ತದೆ. 350 ಸಿ.ಸಿ. ತನಕದ ಗಾಡಿಗೆ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 28ರಿಂದ 18ಕ್ಕೆ ಇಳಿದರೂ ಇಂಥ ಗಾಡಿಗಳ ಬೆಲೆ ಎರಡು ಲಕ್ಷದ ಆಸುಪಾಸಿನಲ್ಲೇ ಓಡಾಡುತ್ತದೆ. ಕಬ್ಬಿನ ಬಿಲ್ಲು ಯಾವಾಗ ಬರುತ್ತದೋ, ಮಗ್ಗದ ಕೂಲಿ ಎಷ್ಟಾಗುತ್ತದೋ ಗೊತ್ತಿಲ್ಲದವನು ಎರಡು ಲಕ್ಷದ ಗಾಡಿಗೆ ಸಹಿ ಹಾಕುವುದು ಧೈರ್ಯವೋ ಹುಂಬತನವೋ ಅವನೇ ಹೇಳಬೇಕು. ಶೋರೂಮಿನವರು ತಾಲೂಕಿಗೆ ಇಬ್ಬರು ಮಿಸ್ತ್ರಿಗಳಿಗಾದರೂ ಸ್ಕ್ಯಾನರ್ ಕೊಟ್ಟು ಕೆಲಸ ಕಲಿಸಿದರೆ ಗಂಟೇನೂ ಹೋಗುವುದಿಲ್ಲ. ಗಾಡಿ ಕೊಳ್ಳುವವರು ಬಣ್ಣ ಕೇಳುವ ಮೊದಲು ಇದನ್ನು ಕೇಳಬೇಕು.

ಈ ನಡುವೆ ಮೂರನೆಯ ಪಕ್ಷವೊಂದು ಹುಟ್ಟಿದೆ. ಇವರಿಗೆ ಹೊಲವೂ ಇಲ್ಲ, ಹಾಲೂ ಇಲ್ಲ, ಬೇಕಾದದ್ದು ಸದ್ದು. ಕೊಟ್ಟಿಗೆಯಲ್ಲಿ ಕೋಳಿ ಕೂರುತ್ತಿದ್ದ ಆರ್‌ಎಕ್ಸ್ 100ಕ್ಕೆ ಲಕ್ಷದ ಮೇಲೆ ಕೊಟ್ಟು, ಸೈಲೆನ್ಸರಿನ ಕರುಳು ತೆಗೆದು, ಶಾಲೆಯ ಮುಂದೆ ಹೊಡೆಯುತ್ತಾರೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದ್ದಾರೆ. ನಮ್ಮ ಕಡೆಯೂ ಒಮ್ಮೆ ಆದರೆ ಬಜಾರದಲ್ಲಿ ಯಾರೂ ಅಳುವುದಿಲ್ಲ.

ನಿಜವಾಗಿ ಅಜ್ಜನ ಯೆಜ್ಡಿಯನ್ನು ಜೋಪಾನ ಮಾಡುವವರ ಮಾತು ಬೇರೆ, ಅವರು ಮಾಡಲಿ. ಎರಡು ಸಂಗತಿ ತಿಳಿದಿರಲಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಇಥೆನಾಲ್, ನಮ್ಮದೇ ಕಬ್ಬಿನ ಕೂಸು. ಅದು ತೇವ ಹೀರುತ್ತದೆ, ಹಳೇ ಕಾರ್ಬುರೇಟರಿನ ರಬ್ಬರ್ ತಿನ್ನುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕು ಖಾಲಿ ಮಾಡಿಯೇ ಇಡಬೇಕು. ಇನ್ನೊಂದು ಕಾಗದಪತ್ರ. ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಇಲ್ಲಿಯ ಗಾಡಿಗಳು ವಿಜಾಪುರ ಜಿಲ್ಲೆಯ ಕಾಲದವು. 20 ವರ್ಷ ದಾಟಿದ ಮೋಟರ್ ಸೈಕಲ್ಲಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 2000 ರೂಪಾಯಿ ಶುಲ್ಕ ಗೊತ್ತುಮಾಡಿದೆ. ಹಳೇ ಗಾಡಿ ಕೊಳ್ಳಲು ಹೊರಟವರು ಇಂಜಿನ್ನಿನ ಸದ್ದಿಗೆ ಮರುಳಾಗುವ ಮೊದಲು ಟಾರ್ಚು ಹಿಡಿದು ಇಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಆರ್‌ಸಿ ಪುಸ್ತಕಕ್ಕೆ ತಾಳೆ ನೋಡಲಿ. ಪುಸ್ತಕದಲ್ಲಿ ಹೆಸರಿರುವಾತ ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ ತರಲು ಹೇಳಲಿ. ಅಡ್ವಾನ್ಸ್ ಕೊಡುವುದು ಆಮೇಲೆ.