ಬಿಳಿ ಕವರಿನ ಸಂಬಳ ನಿಲ್ಲಲಿ

ಅಮೆರಿಕದಲ್ಲಿ ಹೋಟೆಲು, ಅಂಗಡಿ, ಮೋಟೆಲು, ಗ್ಯಾಸ್ ಸ್ಟೇಷನ್ ನಡೆಸುವ ಕನ್ನಡದ ಬಂಧುಗಳಿಗೆ

ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದೀರಿ. ನಿಮಗೆ ಹೋಳಿಗೆ ಬಡಿಸುತ್ತಿರುವ ಹುಡುಗ ಎಂ.ಎಸ್. ಓದಲು ಬಂದವನಿರಬಹುದು. ಶನಿವಾರ ರಾತ್ರಿ ಯಾರದೋ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿರಲೂಬಹುದು. ಆ ಹೋಟೆಲು ನಿಮ್ಮದಾಗಿದ್ದರೆ ಮುಂದೆ ಓದಿ. ನಿಮ್ಮ ಸ್ನೇಹಿತರದಾಗಿದ್ದರೆ ಈ ಚೀಟಿ ಅವರಿಗೆ ದಾಟಿಸಿ.

ಇದನ್ನು ಬರೆಯುತ್ತಿರುವವನೂ ಹಾಗೆ ತೊಳೆದವನೇ. ರಾತ್ರಿ ಬಾಗಿಲು ಹಾಕಿದ ಮೇಲೆ ಮಾಲೀಕರು ಗಲ್ಲಾದಿಂದ ನೋಟು ಎಣಿಸಿ ಬಿಳಿ ಕವರಿಗೆ ಹಾಕಿ ಕೊಡುತ್ತಿದ್ದರು. ಗಂಟೆಗೆ ಐದು ಡಾಲರ್. ಜೊತೆಗೆ ಮಿಕ್ಕ ಸಾಂಬಾರು ಒಂದು ಡಬ್ಬಿ. "ನಮ್ಮೂರ ಕಡೆ ಹುಡುಗ, ಪಾಪ ಕಷ್ಟದಲ್ಲಿದಾನೆ ಅಂತ ಇಟ್ಕೊಂಡಿದೀನಿ" ಎಂದು ಗಿರಾಕಿಗಳ ಎದುರು ಹೇಳುವರು. ಸಾಂಬಾರು ಚೆನ್ನಾಗಿರುತ್ತಿತ್ತು, ಸುಳ್ಳು ಹೇಳಬಾರದು. ಒಮ್ಮೆ ಮೂರು ವಾರ ಕವರು ಬರಲಿಲ್ಲ. ಕೇಳಿದ್ದಕ್ಕೆ, "ಯಾರ ಹತ್ರ ಹೋಗಿ ಹೇಳ್ತೀಯಪ್ಪಾ?" ಎಂದರು. ನಗುನಗುತ್ತಲೇ.

ಈ ವ್ಯಾಪಾರ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಫೆಡರಲ್ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್, ಎಷ್ಟೋ ರಾಜ್ಯಗಳಲ್ಲಿ ಇನ್ನೂ ಜಾಸ್ತಿ. ಕೆಲಸಗಾರನ ಹತ್ತಿರ ವೀಸಾ ಇದೆಯೋ ಇಲ್ಲವೋ ಎಂದು ಆ ಕಾನೂನು ಕೇಳುವುದಿಲ್ಲ. ದುಡಿಸಿಕೊಂಡಿರಾ, ಕೊಡಿ, ಅಷ್ಟೇ. ಆದರೆ ಎಫ್-1 ವೀಸಾದಲ್ಲಿ ಓದಲು ಬಂದ ಹುಡುಗನಿಗೆ, ದೂರು ಕೊಟ್ಟರೆ ತನ್ನ ಸ್ಟೇಟಸ್ಸೇ ಹೋದೀತೆಂಬ ಭಯ. ನಿಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ, ನೀವು ಹೆಸರೂ ಕೇಳದೆ 'ಅಮಿಗೋ' ಎಂದು ಕರೆಯುವ ಮೆಕ್ಸಿಕೋದವನಿಗೆ ಅದಕ್ಕಿಂತ ದೊಡ್ಡ ಭಯ. ಅವರ ಭಯ ನಿಮಗೆ ಗಂಟೆಗೆ ಎರಡೂಕಾಲು ಡಾಲರ್ ಉಳಿತಾಯ.

ಮಾಲೀಕರಿಗೆ ಕಿಂಡಿ ಬಿಡುವುದು ಈ ದೇಶದ ಹಳೇ ಚಾಳಿ. ಅಕ್ರಮವಾಗಿ ಬಂದವರಿಗೆ ಆಶ್ರಯ ಕೊಡುವುದು ಅಪರಾಧವೆಂದು 1952ರಲ್ಲಿ ಬರೆದವರು, ಕೆಲಸ ಕೊಡುವುದು ಆಶ್ರಯದ ಲೆಕ್ಕಕ್ಕೆ ಬಾರದು ಎಂದೂ ಅದರಲ್ಲೇ ಸೇರಿಸಿದರು. ಟೆಕ್ಸಸ್ಸಿನ ಜಮೀನ್ದಾರರಿಗೆ ಅನುಕೂಲವಾಗಲೆಂದು ಬಿಟ್ಟದ್ದರಿಂದ ಅದಕ್ಕೆ 'ಟೆಕ್ಸಸ್ ಪ್ರೊವೈಸೊ' ಎಂದೇ ಹೆಸರು ಬಿತ್ತು. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಮಾಡಿದ ಕಾನೂನು ಆ ಕಿಂಡಿ ಮುಚ್ಚಿ, ಕೆಲಸಗಾರನಿಗೆ ದುಡಿಯುವ ಅನುಮತಿ ಇದೆಯೇ ಎಂದು ನೋಡುವ ಐ-9 ಫಾರಂ ತಂದಿತು. ಅಲ್ಲೂ 'ಗೊತ್ತಿದ್ದೂ' ಇಟ್ಟುಕೊಂಡರೆ ಮಾತ್ರ ತಪ್ಪು. ಗೊತ್ತಿರಲಿಲ್ಲ ಎನ್ನಲು ಎಷ್ಟು ಹೊತ್ತು ಬೇಕು?

ಈ ಕಾನೂನು ಬಂದ ಮೇಲೂ ಪೆಟ್ಟು ಬಿದ್ದದ್ದು ಕೆಲಸಗಾರನಿಗೇ. 2008ರ ಮೇ 12ರಂದು ಅಯೋವಾದ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿನ ಮಾಂಸದ ಕಾರ್ಖಾನೆಗೆ ವಲಸೆ ಅಧಿಕಾರಿಗಳು ನುಗ್ಗಿ 389 ಮಂದಿಯನ್ನು ಹಿಡಿದರು. ಬಹುತೇಕರು ಗ್ವಾಟೆಮಾಲಾದ ಬಡವರು. ವಾಟರ್‌ಲೂನಲ್ಲಿ ದನದ ಜಾತ್ರೆ ನಡೆಯುವ ಮೈದಾನದಲ್ಲೇ ಕೋರ್ಟು ಹಾಕಿ, ಸಂಕೋಲೆ ತೊಡಿಸಿ, ಹತ್ತತ್ತು ಜನರನ್ನು ಒಟ್ಟಿಗೆ ನಿಲ್ಲಿಸಿ, ಹೆಚ್ಚಿನವರಿಗೆ ಐದು ತಿಂಗಳ ಜೈಲು ಬರೆದರು. ಆಮೇಲೆ ಗಡೀಪಾರು. ಕಾರ್ಖಾನೆ ನಡೆಸುತ್ತಿದ್ದವನಿಗೂ ಜೈಲಾಯಿತು, ಆದರೆ ಬ್ಯಾಂಕಿಗೆ ಮೋಸ ಮಾಡಿದ್ದಕ್ಕೆ! ಅವನ ಮೇಲಿದ್ದ ವಲಸೆ ಕಾನೂನಿನ ಆರೋಪಗಳನ್ನು ಸರ್ಕಾರವೇ ಕೈಬಿಟ್ಟಿತು.

ಐ-9 ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಮೊದಲ ಭಾಗವನ್ನು ಕೆಲಸಗಾರ ಮೊದಲ ದಿನವೇ ತುಂಬಬೇಕು. ಅದಾಗಿ ಮೂರು ಕೆಲಸದ ದಿನಗಳೊಳಗೆ ನೀವು ದಾಖಲೆ ನೋಡಿ ನಿಮ್ಮ ಭಾಗ ತುಂಬಬೇಕು. ಯಾವ ದಾಖಲೆ ತೋರಿಸಬೇಕೆಂದು ಫಾರಂನ ಪಟ್ಟಿಯಿಂದ ಆರಿಸಿಕೊಳ್ಳುವ ಹಕ್ಕು ಅವನದು. ಮುಖ ನೋಡಿ, ಉಚ್ಚಾರ ಕೇಳಿ, "ಗ್ರೀನ್ ಕಾರ್ಡೇ ತಾ" ಎನ್ನುವ ಹಾಗಿಲ್ಲ. ಪಾಸ್‌ಪೋರ್ಟು ಇಸಕೊಂಡು ಡ್ರಾಯರಿನಲ್ಲಿ ಬೀಗ ಹಾಕಿಡುವುದಂತೂ ಜೀತಕ್ಕಿಟ್ಟುಕೊಂಡ ಹಾಗೆ.

"ಹಾಗಾದ್ರೆ ನಮ್ಮ ಹುಡುಗರು ಉಪವಾಸ ಇರ್ಬೇಕಾ?" ಎಂದು ಕೇಳುವವರಿದ್ದಾರೆ. ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಲು ಅವರಿಗೆ ಅವಕಾಶವಿದೆ. ಅದು ಸಾಲದಿದ್ದರೆ ಮನೆಗೆ ಊಟಕ್ಕೆ ಕರೆಯಿರಿ, ಫೀಸಿಗೆ ಕೈಗಡ ಕೊಡಿ, ಬೇಸ್‌ಮೆಂಟಿನಲ್ಲಿ ಜಾಗ ಕೊಡಿ. ಅದಕ್ಕೆ ಪ್ರತಿಯಾಗಿ ಪಾತ್ರೆ ಮಾತ್ರ ತೊಳೆಸಬೇಡಿ.

ಈಗಾಗಲೇ ಯಾವ ಹುಡುಗನಿಂದಾದರೂ ತೊಳೆಸಿದ್ದೀರಾದರೆ, ಹಳೆಯ ಬಾಕಿಯನ್ನು ಕನಿಷ್ಠ ಕೂಲಿಯ ಲೆಕ್ಕದಲ್ಲೇ ಈ ತಿಂಗಳು ಚುಕ್ತಾ ಮಾಡಿ. ಅವನಾಗಿ ಬಂದು ಕೇಳುವವರೆಗೆ ಕಾಯಬೇಡಿ. ನಾನು ಕೇಳಿದ್ದು ಒಂದೇ ಸಲ.